ನಂಬರ್ ಸೇವ್ ಮಾಡಿಕೊಂಡವನೇ ಅಭಿಮಾನಿ

ಹಾಡುಗಾರನೊಬ್ಬನಿಗೆ ಎಷ್ಟು ಜನ ಅಭಿಮಾನಿಗಳಿದ್ದಾರೆ ಎಂದು ತಿಳಿಯಲು ನಮ್ಮ ಕಡೆ ಫೋನ್ ಬೇಕಿರಲಿಲ್ಲ. ಜಾತ್ರೆಯ ರಾತ್ರಿ ನಾಟಕವೋ, ಭಜನೆಯೋ, ರಸಮಂಜರಿಯೋ ನಡೆಯುತ್ತಿರುತ್ತದೆ. ನಡುವೆ ಹಾಡು ನಿಲ್ಲುತ್ತದೆ. ಮೈಕಿನಲ್ಲಿ ಒಬ್ಬರು ಚೀಟಿ ಓದುತ್ತಾರೆ: ಇಂಥ ಊರಿನ, ಇಂಥವರ ಮಗ ಇಂಥವರು ಈ ಹಾಡನ್ನು ಮೆಚ್ಚಿ ಐವತ್ತೊಂದು ರೂಪಾಯಿ ಬಹುಮಾನ ಕೊಟ್ಟಿರುತ್ತಾರೆ, ಅವರಿಗೆ ಕಲಾವಿದರ ಪರವಾಗಿ ವಂದನೆಗಳು. ಕೊಟ್ಟವನು ಜನರ ನಡುವೆ ಎದೆ ಸೆಟೆಸಿ ಕೂತಿರುತ್ತಾನೆ. ಹಾಡಿದವನು ಅವನತ್ತ ನೋಡಿ ಕೈ ಮುಗಿಯುತ್ತಾನೆ. ಹೆಸರು, ಊರು, ಮೊತ್ತ, ಮೆಚ್ಚಿದ ಹಾಡು, ಎಲ್ಲವೂ ಒಂದೇ ಚೀಟಿಯಲ್ಲಿ. ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ಹೇಳುತ್ತೇನೆ, ಇಷ್ಟು ಒಳ್ಳೆಯ ಡೇಟಾ ಇನ್‌ಸ್ಟಾಗ್ರಾಂ ಕೂಡ ಕೊಡುವುದಿಲ್ಲ.

ಅರಸೀಕೆರೆ ಎಂದರೆ ನಿಮಗೆ ರೈಲ್ವೆ ಜಂಕ್ಷನ್ ನೆನಪಾಗಿದ್ದರೆ ಅದು ಹಾಸನ ಜಿಲ್ಲೆಯದು. ನಮ್ಮದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ರೈಲು ಇಲ್ಲ. ಕೋಲಶಾಂತೇಶ್ವರ ಮಠ ಇದೆ, ಸುತ್ತ ಮೆಕ್ಕೆಜೋಳದ ಹೊಲ ಇವೆ, ಹತ್ತಿರದಲ್ಲೇ ಉಚ್ಚಂಗಿದುರ್ಗ ಇದೆ. ತಾಲ್ಲೂಕು ಇದ್ದಲ್ಲೇ ಇದ್ದರೂ ಜಿಲ್ಲೆ ಮಾತ್ರ ಬದಲಾಗುತ್ತಲೇ ಬಂದಿದೆ: ಬಳ್ಳಾರಿ, ಆಮೇಲೆ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ನಾನು ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್‌ನಲ್ಲಿ ಬಿ.ಇ. ಓದುತ್ತಿದ್ದೇನೆ. ಊರಿನ ಗೆಳೆಯನೊಬ್ಬ ಹಗಲು ಗೊಬ್ಬರದಂಗಡಿಯಲ್ಲಿ ಕೆಲಸ ಮಾಡುತ್ತಾನೆ, ರಾತ್ರಿ ಹಾಡು ಕಟ್ಟುತ್ತಾನೆ. ಹಾರ್ಮೋನಿಯಂ ಭಜನೆ ಮೇಳದಲ್ಲಿ ಕಲಿತದ್ದು, ಗಿಟಾರ್ ಯೂಟ್ಯೂಬ್ ನೋಡಿ ಕಲಿತದ್ದು. ಅವನ ಪೇಜು, ಚಾನೆಲ್ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಲೇಖನದಲ್ಲಿ ಹೆಸರು ಹಾಕಬೇಡ ಎಂದಿದ್ದಾನೆ. ಪ್ರಚಾರದ ಬಗ್ಗೆಯೇ ಬರೆಯುವಾಗ ಹೆಸರು ಬೇಡ ಎನ್ನುವವನಿಗೆ ಏನು ಹೇಳೋಣ? ಅವರಪ್ಪ ದಿನಾ ಚಹಾದಂಗಡಿಯಲ್ಲಿ ಪೇಪರ್ ಓದುತ್ತಾರಂತೆ.

ಹೋದ ವರ್ಷ ಅವನ ಒಂದು ರೀಲ್ ಓಡಿತು. ಮೂವತ್ತು ಸೆಕೆಂಡು, ಹೊಲದ ಬದುವಿನ ಮೇಲೆ ಕೂತು ಹಾಡಿದ್ದು. ನಾಲ್ಕು ದಿನದಲ್ಲಿ ಲಕ್ಷ ದಾಟಿತು. ಅದೇ ವಾರ ಪಕ್ಕದ ಹಳ್ಳಿಯಲ್ಲಿ ಅವನ ಕಾರ್ಯಕ್ರಮ ಇತ್ತು. ಪೋಸ್ಟರ್ ಹಾಕಿದ್ದೆವು, ಸ್ಟೋರಿ ಹಾಕಿದ್ದೆವು. ಬಂದವರು ನಲವತ್ತು ಜನ, ಅದರಲ್ಲಿ ಅರ್ಧ ನಮ್ಮವರೇ. ಬೈಕಿನಲ್ಲಿ ವಾಪಸ್ ಬರುವಾಗ ಹಿಂದೆ ಕೂತಿದ್ದ ಗೆಳೆಯ ಕೇಳಿದ, 'ಆ ಲಕ್ಷ ಮಂದಿ ಎಲ್ಲಿ ಹೋದ್ರಲೇ?'

ಒಳ್ಳೆಯ ಪ್ರಶ್ನೆ. ಅದನ್ನೇ ಹಿಡಿದು ಆರು ತಿಂಗಳು ಕೂತೆ.

ಮೊದಲು ಈ ಲಕ್ಷ ಎಂದರೆ ಏನು ನೋಡಿ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು, ಹೊಲದಲ್ಲಿ ಕೂತವನ ಕೈಯಲ್ಲೂ ವಿಡಿಯೊ ಓಡತೊಡಗಿತು. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ಭಾರತದಲ್ಲಿ ರೀಲ್ಸ್ ತಂದಿತು. ಅಲ್ಲಿಂದ ಒಂದು ದೊಡ್ಡ ಬದಲಾವಣೆ ಆಗಿದೆ. ಮುಂಚೆ ನಾವು ಯಾರನ್ನು ಫಾಲೋ ಮಾಡುತ್ತೇವೋ ಅವರದ್ದೇ ಹೆಚ್ಚು ಕಾಣುತ್ತಿತ್ತು. ಈಗ ನಮಗೆ ಗೊತ್ತೇ ಇಲ್ಲದವರದ್ದು ಹೆಚ್ಚು ಕಾಣುತ್ತದೆ. ಅಂದರೆ ನಿಮ್ಮ ರೀಲ್ ಅಪರಿಚಿತರ ಮುಂದೆ ಹಾದುಹೋಗುತ್ತದೆ. ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಾಡಿದ ಹಾಗೆ: ಸಾವಿರಾರು ಜನ ಹಾದುಹೋಗುತ್ತಾರೆ, ಒಂದಿಷ್ಟು ಜನ ನಿಂತು ಕೇಳುತ್ತಾರೆ, ಅವರ ಬಸ್ ಬಂದರೆ ಅವರೂ ಹೋಗುತ್ತಾರೆ. ಲಕ್ಷ ವ್ಯೂಸ್ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಹಾದುಹೋದವರ ಲೆಕ್ಕ.

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ಗೆಳೆಯನ ಹಾಡಿನ ತುಣುಕನ್ನು ಯಾವುದೋ 'ಲವ್ ಫೀಲಿಂಗ್ಸ್' ತರಹದ ಪೇಜು ಎತ್ತಿಕೊಂಡು ಸೂರ್ಯಾಸ್ತದ ಚಿತ್ರದ ಮೇಲೆ ಹಾಕಿತ್ತು. ಕೆಳಗೆ ಆಡಿಯೊ ಯಾರದ್ದು ಎಂದು ತೋರಿಸುವ ಜಾಗದಲ್ಲಿ ಆ ಪೇಜಿನ ಹೆಸರೇ ಇತ್ತು. ಅದರ ಕಮೆಂಟ್‌ಗಳಲ್ಲಿ ಕೆಲವರು ಕೇಳಿದ್ದರು: 'ಅಣ್ಣಾ ಫುಲ್ ಸಾಂಗ್ ಲಿಂಕ್ ಕಳ್ಸಿ', 'ಇದು ಯಾರು ಹಾಡಿದ್ದು', 'ನಮ್ಮ ಕಡೆ ಮಾತು ಐತಲ್ಲ ಇದರಾಗೆ'. ಯಾರೂ ಉತ್ತರಿಸಿರಲಿಲ್ಲ. ಆ ಪೇಜಿನವನಿಗೂ ಗೊತ್ತಿರಲಿಲ್ಲ, ಪಾಪ. ಅಂದು ರಾತ್ರಿ ಕೂತು ನಮ್ಮ ರೀಲ್ ಮತ್ತು ಅದನ್ನು ಎತ್ತಿಕೊಂಡ ಎಲ್ಲ ಪೇಜುಗಳಲ್ಲಿ ಹಾಡಿನ ಬಗ್ಗೆ ಹೀಗೆ ಏನಾದರೂ ಕೇಳಿದವರನ್ನು ಎಣಿಸಿದೆ. ಬೆಂಕಿ, ಹೃದಯ, 'ಸೂಪರ್ ಬ್ರೋ' ಬಿಟ್ಟು. ಮೂವತ್ತೇಳು ಜನ.

ಲಕ್ಷದಲ್ಲಿ ಮೂವತ್ತೇಳು! ಗೆಳೆಯ ಮುಖ ಸಪ್ಪಗೆ ಮಾಡಿದ. ನನಗೆ ಮಾತ್ರ ಕಳೆದುಹೋದ ಜನ ಸಿಕ್ಕ ಹಾಗಾಯಿತು. ಈ ಮೂವತ್ತೇಳು ಜನ ಬಸ್ ತಪ್ಪಿದರೂ ಪರವಾಗಿಲ್ಲ ಎಂದು ನಿಂತವರು.

ಒಬ್ಬೊಬ್ಬರಿಗೂ ಗೆಳೆಯನೇ ಮೆಸೇಜ್ ಮಾಡಿದ. ಟೈಪ್ ಮಾಡಿದ್ದಲ್ಲ, ವಾಯ್ಸ್ ಕಳಿಸಿದ. 'ಅಣ್ಣಾ, ಆ ಹಾಡು ನಂದು, ನಮ್ಮೂರು ಅರಸೀಕೆರೆ, ಪೂರ್ತಿ ಹಾಡು ಇಲ್ಲೈತಿ' ಎಂದಷ್ಟೇ. ಕೊನೆಗೆ ಒಂದು ಮಾತು ಸೇರಿಸಿದ್ದ: ಹೊಸ ಹಾಡು ಬಂದಾಗ ಕಳಿಸಬೇಕಾದರೆ ನನ್ನ ನಂಬರ್ ಸೇವ್ ಮಾಡಿಕೊಳ್ಳಿ.

ಇಲ್ಲೊಂದು ಸಣ್ಣ ತಾಂತ್ರಿಕ ವಿಷಯ ಇದೆ, ಇಡೀ ಲೇಖನಕ್ಕೆ ಅದೇ ಬುಡ. ವಾಟ್ಸ್‌ಆ್ಯಪ್‌ನಲ್ಲಿ ಗ್ರೂಪ್ ಬೇರೆ, ಬ್ರಾಡ್‌ಕಾಸ್ಟ್ ಲಿಸ್ಟ್ ಬೇರೆ. ಲಿಸ್ಟ್‌ನಲ್ಲಿ 256 ಜನರವರೆಗೆ ಒಂದೇ ಸಂದೇಶವನ್ನು ಬೇರೆ ಬೇರೆಯಾಗಿ ಕಳಿಸಬಹುದು. ಆದರೆ ಒಂದು ಷರತ್ತು: ನಿಮ್ಮ ನಂಬರನ್ನು ಅವರು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡಿದ್ದರೆ ಮಾತ್ರ ಅದು ತಲುಪುತ್ತದೆ. ನೀವು ಅವರ ನಂಬರ್ ಇಟ್ಟುಕೊಂಡರೆ ಸಾಲದು, ಅವರು ನಿಮ್ಮದನ್ನು ಇಟ್ಟುಕೊಳ್ಳಬೇಕು. ಲೈಕ್ ಒತ್ತಲು ಹೆಬ್ಬೆರಳು ಸಾಕು. ಫೋನ್‌ಬುಕ್ಕಿನಲ್ಲಿ ನಿಮ್ಮ ಹೆಸರು ಬರೆದುಕೊಳ್ಳಬೇಕೆಂದರೆ ಮನಸ್ಸು ಬೇಕು. ನಮ್ಮ ಲಿಸ್ಟ್‌ನ ಒಬ್ಬರು ಗೆಳೆಯನ ನಂಬರನ್ನು 'ಹಾಡು ತಮ್ಮ' ಎಂದು ಸೇವ್ ಮಾಡಿಕೊಂಡಿದ್ದಾರಂತೆ, ಸ್ಕ್ರೀನ್‌ಶಾಟ್ ಕಳಿಸಿದ್ದರು. ಹತ್ತು ಸಾವಿರ ಫಾಲೋವರ್ಸ್ ಬಂದರೂ ಗೆಳೆಯ ಅಷ್ಟು ಖುಷಿಪಡುತ್ತಿರಲಿಲ್ಲ.

ಲಿಸ್ಟ್‌ಗೆ ಏನು ಕಳಿಸಬೇಕು ಎನ್ನುವುದರಲ್ಲಿ ನಮ್ಮಿಬ್ಬರಿಗೂ ಜಗಳವಾಯಿತು. ನಾನು ದಿನಾ ಒಂದು ಎಂದೆ. ಎಲ್ಲ ವಿಡಿಯೊಗಳಲ್ಲೂ ಅದನ್ನೇ ಹೇಳುತ್ತಾರೆ. ಅವನು, 'ದಿನಾ ಬಾಗ್ಲು ಬಡಿಯೋನು ಸಾಲ ಕೊಟ್ಟೋನು ಮಾತ್ರ' ಎಂದ. ಈಗ ವಾರಕ್ಕೊಂದು ಕಳಿಸುತ್ತಾನೆ, ಶುಕ್ರವಾರ ರಾತ್ರಿ. 'ಲೈಕ್ ಮಾಡಿ, ಶೇರ್ ಮಾಡಿ' ಎಂಬ ಮಾತು ಅದರಲ್ಲಿ ಇರುವುದಿಲ್ಲ. ಅರ್ಧ ಆದ ಹಾಡು ಕಳಿಸುತ್ತಾನೆ. ಎರಡನೇ ಸಾಲು ಕೂಡಿಬರ್ತಿಲ್ಲ, ನಿಮ್ಮ ಕಡೆ ಇದಕ್ಕೆ ಏನಂತೀರಿ ಎಂದು ಕೇಳುತ್ತಾನೆ. ಮಳೆಗೆ ಮುಂಚಿನ ಗಾಳಿಯ ಬಗ್ಗೆ ಒಂದು ಸಾಲಿತ್ತು. ಕೊಟ್ಟೂರಿನ ಲಾರಿ ಡ್ರೈವರ್ ಒಬ್ಬರು ರಾತ್ರಿ ಹನ್ನೊಂದಕ್ಕೆ ಎಲ್ಲೋ ಢಾಬಾದಿಂದ ವಾಯ್ಸ್ ಕಳಿಸಿ, ನೀನು ಪುಸ್ತಕದ ಮಾತು ಹಾಕೀಯ ತಮ್ಮಾ, ಅದನ್ನ ತೆಗಿ ಎಂದರು. ತೆಗೆದ. ಹಾಡು ಬಂದ ದಿನ ಆ ಡ್ರೈವರ್ ತಮ್ಮ ಲಾರಿ ಗೆಳೆಯರಿಗೆಲ್ಲ ಕಳಿಸಿದರು, ಇದರಲ್ಲಿ ನನ್ನ ಮಾತು ಐತಿ ಅಂತ. ಬೂಸ್ಟ್ ಮಾಡಲು ದುಡ್ಡು ಕಟ್ಟಿದ್ದರೂ ನಮ್ಮ ಹಾಡು ಆ ಲಾರಿಗಳೊಳಗೆ ಹೋಗುತ್ತಿರಲಿಲ್ಲ.

ಇದೆಲ್ಲ ಸಣ್ಣವರು ಮಾಡಿಕೊಳ್ಳುವ ಸಮಾಧಾನ, ದೊಡ್ಡ ಹಿಟ್ ಆದವರು ಯಾರೂ ಲಿಸ್ಟ್ ಇಟ್ಟುಕೊಂಡು ಕೂರಲಿಲ್ಲ ಎಂದು ಹಾಸ್ಟೆಲ್‌ನಲ್ಲಿ ಗೆಳೆಯರು ವಾದಿಸುತ್ತಾರೆ. ಅವರು ಕೊಡುವ ಉದಾಹರಣೆ ಮಾಳು ನಿಪನಾಳ. ಬೆಳಗಾವಿ ಜಿಲ್ಲೆ ರಾಯಬಾಗ ತಾಲ್ಲೂಕಿನ ಹುಡುಗ. ಅವರ 'ನಾ ಡ್ರೈವರ' ಹಾಡಿಗೆ ಕನ್ನಡ ಬಾರದವರೂ ರೀಲ್ಸ್ ಮಾಡಿದರು, ಆ ಹೆಸರಿನ ಮೇಲೆ ಅವರು 2025ರಲ್ಲಿ ಬಿಗ್ ಬಾಸ್ ಮನೆಗೂ ಹೋಗಿ ಬಂದರು. ನಿಜ. ಆದರೆ ಆ ಹಾಡನ್ನು ಒಮ್ಮೆ ಗಮನಿಸಿ. ಹಾಡುವವನು ಡ್ರೈವರ್. ಟ್ರ್ಯಾಕ್ಟರ್, ಟಂಟಂ, ಲಾರಿ, ಜೆಸಿಬಿ, ನಮ್ಮ ಉತ್ತರ ಕರ್ನಾಟಕದ ಹಳ್ಳಿಯಲ್ಲಿ ಸ್ಟೀರಿಂಗ್ ಹಿಡಿಯದ ಹುಡುಗರು ಎಷ್ಟು ಮಂದಿ ಇದ್ದಾರೆ? ಅವರಿಗೆ ಸಿನಿಮಾ ಹಾಡಿನ ಹೀರೊ ಬೇರೆಯವನು, ಈ ಹಾಡಿನ ಹೀರೊ ತಾನೇ. ಅದಕ್ಕೇ ಅವರು ಹಾಡನ್ನು ಹಂಚಲಿಲ್ಲ, ತಮ್ಮ ಗಾಡಿ ತೋರಿಸಿ ತಮ್ಮದೇ ಹಾಡು ಅಂತ ಹಾಕಿಕೊಂಡರು. ಅಲ್ಗಾರಿದಮ್‌ಗಿಂತ ಮೊದಲು ಕೇಳುಗ ಹಾಡಿನ ಒಳಗೇ ಕೂತಿದ್ದ. ನಮ್ಮ ಕಡೆಯ ಜಾನಪದ ಟ್ರೆಂಡಿಂಗ್ ಹಾಡುಗಳನ್ನು ಮೇಷ್ಟ್ರುಗಳು ಬೈಯುತ್ತಾರೆ, ಕೆಲವಕ್ಕೆ ಬೈಯಬೇಕು ಕೂಡ. ಆದರೆ ಯಾರಿಗಾಗಿ ಹಾಡುತ್ತಿದ್ದೇನೆ ಎನ್ನುವುದು ಆ ಹುಡುಗರಿಗೆ ಗೊತ್ತಿರುವಷ್ಟು ನಮ್ಮ ಕಾಲೇಜ್ ಬ್ಯಾಂಡ್‌ಗಳಿಗೆ ಗೊತ್ತಿಲ್ಲ.

ನನ್ನ ಮಟ್ಟಿಗೆ ಇನ್ನೂ ಹೆಚ್ಚು ಕಲಿಸಿದ ಕಥೆ ರಘು ದೀಕ್ಷಿತ್ ಅವರದು. ಈಗಿನ ಪಿಯು ಹುಡುಗರಿಗೆ ಅವರು ಸಿನಿಮಾ ಗಾಯಕ. ನಾಸಿಕ್‌ನಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಮೈಕ್ರೊಬಯಾಲಜಿಯಲ್ಲಿ ಎಂ.ಎಸ್ಸಿ., ಅದೂ ಚಿನ್ನದ ಪದಕದೊಂದಿಗೆ. ಭರತನಾಟ್ಯ ಕಲಿತಿದ್ದರು, ಗಿಟಾರ್ ಹಿಡಿದದ್ದು ಆಮೇಲೆ. ಮೊದಲು 'ಅಂತರಾಗ್ನಿ' ಎಂಬ ತಂಡ, ನಂತರ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್'. ವರ್ಷಗಟ್ಟಲೆ ಆಡಿಯೊ ಕಂಪನಿಗಳು ಅವರ ಹಾಡುಗಳನ್ನು ತೆಗೆದುಕೊಳ್ಳಲಿಲ್ಲ. ಕೊನೆಗೆ 2008ರಲ್ಲಿ ವಿಶಾಲ್–ಶೇಖರ್ ಜೋಡಿ ತಮ್ಮದೇ ಲೇಬಲ್‌ನಿಂದ ಅವರ ಮೊದಲ ಆಲ್ಬಂ ತಂದಿತು. 2010ರಲ್ಲಿ ಬಿಬಿಸಿಯ 'ಲೇಟರ್ ವಿತ್ ಜೂಲ್ಸ್ ಹಾಲೆಂಡ್' ಕಾರ್ಯಕ್ರಮದಲ್ಲಿ ಹಾಡಿದರು, ಅದರ ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯ ತುದಿಗೆ ಹೋಯಿತು. 2011ರಲ್ಲಿ ಅಲ್ಲಿನ ಸಾಂಗ್‌ಲೈನ್ಸ್ ಪತ್ರಿಕೆ ಹೊಸ ಪ್ರತಿಭೆ ಪ್ರಶಸ್ತಿ ಕೊಟ್ಟಿತು.

ಇನ್‌ಸ್ಟಾಗ್ರಾಂ ಹುಟ್ಟಿದ್ದೇ 2010ರ ಅಕ್ಟೋಬರ್‌ನಲ್ಲಿ. ಅಂದರೆ ರಘು ದೀಕ್ಷಿತ್ ರೀಲ್ಸ್ ನಂಬಿ ಬೆಳೆದವರಲ್ಲ, ವೇದಿಕೆ ನಂಬಿ ಬೆಳೆದವರು. ಅವರ ಕಾರ್ಯಕ್ರಮದ ವಿಡಿಯೊಗಳನ್ನು ನೋಡಿ: ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕನ್ನಡದ ಗಂಧವೇ ಇಲ್ಲದ ಬ್ರಿಟಿಷರ ಮುಂದೆ ಶಿಶುನಾಳ ಶರೀಫರ ಪದ. ಅಲ್ಲಿಯೂ ಜನ ಸುಮ್ಮನೆ ಕೂತು ಕೇಳುವಂತಿಲ್ಲ. ಒಂದು ಸಾಲು ಹೇಳಿಕೊಟ್ಟು ತಿರುಗಿ ಹಾಡಿಸುತ್ತಾರೆ, ಕುಣಿಸುತ್ತಾರೆ. ತಾನು ಹಾಡಿದ ಸಾಲನ್ನು ಮನುಷ್ಯ ಬೇಗ ಮರೆಯುವುದಿಲ್ಲ. ನಮ್ಮ ಭಜನೆ ಮೇಳ ಮಾಡುವುದೂ ಅದನ್ನೇ. ಮುಂದಿನವನು ಒಂದು ಸಾಲು ಹೇಳುತ್ತಾನೆ, ಹಿಂದಿನವರು ಎತ್ತಿಕೊಳ್ಳುತ್ತಾರೆ, ಪೌಳಿಯಲ್ಲಿ ಕೂತವರೂ ದನಿಗೂಡಿಸುತ್ತಾರೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ಕ್ಯಾಸೆಟ್ ಬರುವ ಮೊದಲಿನ ಅಷ್ಟೂ ದಶಕ ಅವರ ಪದಗಳನ್ನು ಬದುಕಿಸಿದ್ದು ಹೀಗೆ ಎತ್ತಿಕೊಂಡವರೇ.

ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' 2024ರ ಜುಲೈನಲ್ಲಿ ಬಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ಹೋದದ್ದು ನಿಮಗೆ ಗೊತ್ತು. ಒಂದೇ ರಾತ್ರಿಯ ಯಶಸ್ಸು ಎಂದು ಎಲ್ಲ ಕಡೆ ಬಂತು. ಅದಕ್ಕೂ ಐದು ವರ್ಷ ಮೊದಲಿನಿಂದಲೇ ಬೆಂಗಳೂರಿನ ಸಣ್ಣ ವೇದಿಕೆಗಳಲ್ಲಿ ಅವರು ರ‍್ಯಾಪ್ ಮಾಡುತ್ತಿದ್ದರು ಎನ್ನುವುದು ಆ ಸುದ್ದಿಗಳ ಕೊನೆಯ ಪ್ಯಾರಾದಲ್ಲಿತ್ತು.

ಈಗ ದುಡ್ಡಿನ ಮಾತು. ಮನೆಯಲ್ಲಿ ಎಲ್ಲರೂ ಕೇಳುವುದು ಅದನ್ನೇ: 'ಯೂಟ್ಯೂಬ್‌ನ್ಯಾಗೆ ದುಡ್ಡು ಬರ್ತತಂತಲ್ಲ, ನಿಮಗೆಷ್ಟು ಬಂತು?' ನಮಗೆ ಇದುವರೆಗೆ ಬಂದದ್ದು ಸೊನ್ನೆ. ಜಾಹೀರಾತಿನ ಪಾಲು ಸಿಗಬೇಕಾದರೆ ಯೂಟ್ಯೂಬ್‌ನಲ್ಲಿ 1,000 ಸಬ್‌ಸ್ಕ್ರೈಬರ್ ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಇಲ್ಲವೇ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವ್ಯೂಸ್ ಬೇಕು. 4,000 ಗಂಟೆ ಎಂದರೆ 2 ಲಕ್ಷ 40 ಸಾವಿರ ನಿಮಿಷ. ನಾಲ್ಕು ನಿಮಿಷದ ಹಾಡನ್ನು ಪೂರ್ತಿಯಾಗಿ 60,000 ಸಲ ಕೇಳಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಈ ಗಂಟೆಗಳಿಗೆ ಸೇರುವುದಿಲ್ಲ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ವರ್ಷದಲ್ಲಿ 1,000 ಸಲವಾದರೂ ಓಡದಿದ್ದರೆ ಅದಕ್ಕೆ ರಾಯಲ್ಟಿಯೇ ಇಲ್ಲ. ಹಾಗಂತ ಹಾಡನ್ನು ಅಲ್ಲಿ ಹಾಕದೇ ಇರಬೇಡಿ. ಡಿಸ್ಟ್ರಿಬ್ಯೂಟರ್ ಮೂಲಕ ಹಾಕಿದರೆ ಪ್ರತಿ ಹಾಡಿಗೂ ಐಎಸ್‌ಆರ್‌ಸಿ ಎಂಬ ಗುರುತಿನ ಸಂಖ್ಯೆ ಸಿಗುತ್ತದೆ, ಇನ್‌ಸ್ಟಾಗ್ರಾಂನ ಮ್ಯೂಸಿಕ್ ಪಟ್ಟಿಯಲ್ಲೂ ಹಾಡು ನಿಮ್ಮ ಹೆಸರಿನಲ್ಲೇ ಬರುತ್ತದೆ. ಜನ ಅದನ್ನು ಅಲ್ಲಿಂದಲೇ ತೆಗೆದುಕೊಂಡರೆ ಸೂರ್ಯಾಸ್ತದ ಪೇಜಿನವನು ಹಾಕಿದರೂ ಕೆಳಗೆ ನಿಮ್ಮ ಹೆಸರು ಕಾಣುತ್ತದೆ. ಗೆಳೆಯನ ಎರಡನೇ ಹಾಡಿನಿಂದ ನಾವು ಹೀಗೇ ಮಾಡುತ್ತಿದ್ದೇವೆ.

2008ರಲ್ಲಿ ಕೆವಿನ್ ಕೆಲಿ ಎಂಬ ಅಮೆರಿಕದ ಲೇಖಕರು 'ಸಾವಿರ ನಿಜ ಅಭಿಮಾನಿಗಳು' ಎಂಬ ಅರ್ಥದ ಒಂದು ಪ್ರಬಂಧ ಬರೆದರು. ಕಲಾವಿದನಿಗೆ ಕೋಟಿ ಜನ ಬೇಕಿಲ್ಲ, ವರ್ಷಕ್ಕೆ ತಲಾ 100 ಡಾಲರ್ ಲಾಭ ಕೊಡುವ ಸಾವಿರ ಜನರಿದ್ದರೆ ಜೀವನ ನಡೆಯುತ್ತದೆ ಎನ್ನುವ ಲೆಕ್ಕ. ಡಾಲರ್ ಲೆಕ್ಕ ನಮ್ಮ ಮೆಕ್ಕೆಜೋಳದ ಊರಿಗೆ ಒಗ್ಗುವುದಿಲ್ಲ. ಲೆಕ್ಕದ ಹಿಂದಿನ ಯೋಚನೆ ಮಾತ್ರ ನಮಗೆ ಹೊಸದಲ್ಲ, ಆ ಐವತ್ತೊಂದು ರೂಪಾಯಿಯ ಚೀಟಿಯೇ ಅದು. ಗಾಯಕಿ ಅಮಾಂಡಾ ಪಾಮರ್ 2012ರಲ್ಲಿ ಹೊಸ ಆಲ್ಬಂಗಾಗಿ ಕೇಳುಗರನ್ನೇ ಕೇಳಿದಾಗ ಸುಮಾರು 25 ಸಾವಿರ ಜನ ಸೇರಿ ಹತ್ತಿರ ಹತ್ತಿರ 12 ಲಕ್ಷ ಡಾಲರ್ ಕೊಟ್ಟರು. ಕನ್ನಡದಲ್ಲಿ ಪವನ್ ಕುಮಾರ್ 2013ರ 'ಲೂಸಿಯಾ' ಸಿನಿಮಾವನ್ನು ಪ್ರೇಕ್ಷಕರ ದುಡ್ಡಿನಲ್ಲೇ ಮಾಡಿದರು. ಗೆಳೆಯನೂ ಸ್ಟುಡಿಯೊ ಬಾಡಿಗೆಗೆ ಲಿಸ್ಟ್‌ನವರನ್ನು ಕೇಳಿದ. ಕೇಳಲು ಅವನಿಗೆ ವಿಪರೀತ ಸಂಕೋಚ, ಎರಡು ಶುಕ್ರವಾರ ಮುಂದೂಡಿದ. ಕೊನೆಗೆ ಕ್ಯೂಆರ್ ಕೋಡ್ ಹಾಕಿದ ರಾತ್ರಿ ಅರವತ್ತನಾಲ್ಕು ಜನ ಕಳಿಸಿದರು, ಹನ್ನೊಂದು ರೂಪಾಯಿಯಿಂದ ಐನೂರ ಒಂದರವರೆಗೆ. ಹಾಡಿನ ವಿಡಿಯೊದ ಕೊನೆಗೆ ಅಷ್ಟೂ ಜನರ ಹೆಸರು, ಊರು ಹಾಕಿದೆವು. ಮೊತ್ತ ಹಾಕಲಿಲ್ಲ. ಹನ್ನೊಂದು ಕಳಿಸಿದವನೂ ಐನೂರ ಒಂದು ಕಳಿಸಿದವನೂ ಒಂದೇ ಸಾಲಿನಲ್ಲಿರಲಿ ಎಂದ ಗೆಳೆಯ. ಕೂಡ್ಲಿಗಿಯ ಒಬ್ಬರು ತಮ್ಮ ಹೆಸರು ಬರುವ ಕ್ಷಣವನ್ನೇ ಸ್ಟೇಟಸ್ ಇಟ್ಟುಕೊಂಡಿದ್ದರು.

ದುಡ್ಡು ಕೊಟ್ಟರೆ ಹತ್ತು ಸಾವಿರ ಫಾಲೋವರ್ಸ್ ಕೊಡುತ್ತೇವೆ ಎನ್ನುವವರು ನಿಮಗೂ ಮೆಸೇಜ್ ಮಾಡಿರುತ್ತಾರೆ. ಆ ಖಾತೆಗಳಿಗೆ ಕಿವಿ ಇರುವುದಿಲ್ಲ. ಅಷ್ಟು ಸಾಕು ಅದರ ಬಗ್ಗೆ.

ಕಷ್ಟವಾದದ್ದು ಬೇರೆ ತರಹದ ಒಂದು ಕರೆ. ರೀಲ್ ಓಡಿದ ಮೇಲೆ ಒಂದು ಆಡಿಯೊ ಕಂಪನಿಯವರು ಗೆಳೆಯನಿಗೆ ಫೋನ್ ಮಾಡಿದರು. ನಮ್ಮ ಚಾನೆಲ್‌ಗೆ ಲಕ್ಷಗಟ್ಟಲೆ ಸಬ್‌ಸ್ಕ್ರೈಬರ್ ಇದ್ದಾರೆ, ಹಾಡು ಕೊಡಿ, ಹದಿನೈದು ಸಾವಿರ ಕೊಡುತ್ತೇವೆ ಎಂದರು. ಕಳಿಸಿದ ಕಾಗದ ಇಂಗ್ಲಿಷ್‌ನಲ್ಲಿ ಎರಡು ಪುಟ. ಸಾಹಿತ್ಯ, ರಾಗ, ರೆಕಾರ್ಡಿಂಗ್, ಎಲ್ಲ ಮಾಧ್ಯಮ, ಮುಂದೆ ಬರುವ ಮಾಧ್ಯಮಗಳೂ ಸೇರಿ ಶಾಶ್ವತವಾಗಿ ಅವರದು. ಅದೇ ತಿಂಗಳು ಅವನ ತಂಗಿಯ ಕಾಲೇಜ್ ಫೀಸ್ ಕಟ್ಟಬೇಕಿತ್ತು. ಹದಿನೈದು ಸಾವಿರ ಎಂದರೆ ಗೊಬ್ಬರದಂಗಡಿಯ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು.

ನಾನು ನನ್ನ ಸೆಮಿಸ್ಟರ್ ಪುಸ್ತಕ ಬಿಟ್ಟು ಕಾಪಿರೈಟ್ ಕಾಯ್ದೆ ಓದಿದೆ. ನೀವೂ ಹಾಡು ಕಟ್ಟುವವರಾದರೆ ಇಷ್ಟು ಗೊತ್ತಿರಲಿ. ಹಕ್ಕು ಬರೆದುಕೊಡುವುದು ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು, ಬಾಯಿಮಾತು ನಡೆಯುವುದಿಲ್ಲ. ಕಾಗದದಲ್ಲಿ ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ ಎಂದೇ ಕಾನೂನು ತಿಳಿಯುತ್ತದೆ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಅದಕ್ಕೇ ಕಂಪನಿಯವರು 'ಶಾಶ್ವತ', 'ಇಡೀ ವಿಶ್ವ' ಎಂಬ ಪದಗಳನ್ನು ಮರೆಯದೆ ಬರೆದಿರುತ್ತಾರೆ. 2012ರ ತಿದ್ದುಪಡಿ ಬಂದ ಮೇಲೆ, ರೆಕಾರ್ಡಿಂಗ್‌ನಲ್ಲಿ ಬಳಕೆಯಾದ ಸಾಹಿತ್ಯ ಮತ್ತು ಸಂಗೀತದ ರಾಯಲ್ಟಿಯಲ್ಲಿ ಅವುಗಳನ್ನು ಬರೆದವರ, ಸಂಯೋಜಿಸಿದವರ ಸಮಪಾಲನ್ನು ಕಂಪನಿ ಬರೆಸಿಕೊಳ್ಳುವಂತಿಲ್ಲ, ಇವರೂ ಬಿಟ್ಟುಕೊಡುವಂತಿಲ್ಲ. ಆ ಪಾಲನ್ನು ಸಂಗ್ರಹಿಸಿ ಕೊಡಲು ಐಪಿಆರ್‌ಎಸ್ ಎಂಬ ಸಂಸ್ಥೆ ಇದೆ, ಸ್ವತಂತ್ರ ಗೀತರಚನೆಕಾರರೂ ಸದಸ್ಯರಾಗಬಹುದು. ಜನಪದ ಮಟ್ಟು ಯಾರೊಬ್ಬರ ಸ್ವತ್ತೂ ಅಲ್ಲ, ಶರೀಫರ ಪದಗಳ ಸಾಹಿತ್ಯವೂ ಅಲ್ಲ. ಆದರೆ ಅದನ್ನು ನೀವು ಹಾಡಿ ಮಾಡಿದ ರೆಕಾರ್ಡಿಂಗ್ ನಿಮ್ಮ ಸ್ವತ್ತು.

ಇದನ್ನೆಲ್ಲ ಹೇಳಿದೆ. ಗೆಳೆಯ 5 ವರ್ಷಕ್ಕೆ ಕೊಡುತ್ತೇನೆ, ಹೆಸರು ಮಾತ್ರ ನನ್ನದಿರಲಿ ಎಂದು ಕೇಳಿದ. ಅವರು ಮತ್ತೆ ಫೋನ್ ಮಾಡಲಿಲ್ಲ. ಅವರಪ್ಪ ಒಂದು ವಾರ ಮಗನ ಜೊತೆ ಮಾತಾಡಲಿಲ್ಲ. ನನ್ನನ್ನು ಕಂಡಾಗ, 'ನೀನು ಎಂಜಿನಿಯರ್ ಆಗ್ತೀಯಪ್ಪಾ, ನಿನಗೇನು' ಎಂದರು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಫೀಸ್ ಸಂಘದ ಸಾಲದಲ್ಲಿ ಕಟ್ಟಿದರು. ಹಾಡು ಅವನ ಹತ್ತಿರವೇ ಇದೆ. ಆ ಹಾಡು ಮುಂದೆಂದಾದರೂ ಹದಿನೈದು ಸಾವಿರ ತಂದುಕೊಡುತ್ತದೆ ಎಂದು ನಾನು ಯಾರಿಗೂ ಮಾತು ಕೊಡಲಾರೆ. ನಮ್ಮ ಕಡೆ ಹಾಡುಗಾರನಿಗೆ ಇವತ್ತಿಗೂ ಅನ್ನ ಹಾಕುವುದು ಜಾತ್ರೆ, ಮದುವೆ, ಗಣಪತಿ ಹಬ್ಬದ ಕಾರ್ಯಕ್ರಮ. ಲಿಸ್ಟ್ ಬಂದಮೇಲೆ ಅಂಥ ಮೂರು ಕಾರ್ಯಕ್ರಮಗಳು ಲಿಸ್ಟ್‌ನವರ ಊರಿನಿಂದಲೇ ಸಿಕ್ಕಿವೆ.

ಅಭಿಮಾನಿಗಳಿಗೆ ಹತ್ತಿರವಾಗಿ, ಎಲ್ಲರಿಗೂ ಉತ್ತರ ಕೊಡಿ ಎಂದು ಸಲೀಸಾಗಿ ಹೇಳುವಾಗ ನಾವು ಹುಡುಗರು ಒಂದನ್ನು ಮರೆಯುತ್ತೇವೆ. ಕಾಲೇಜಿನಲ್ಲಿ ನನ್ನ ಜೂನಿಯರ್ ಒಬ್ಬಳು ವಚನಗಳಿಗೆ ತಾನೇ ರಾಗ ಹಾಕಿ ಹಾಡುತ್ತಾಳೆ, ಗೆಳೆಯನಿಗಿಂತ ಚೆನ್ನಾಗಿ. ಅಕ್ಕಮಹಾದೇವಿಯ ವಚನ ಹಾಡಿದರೂ ಕೆಳಗೆ ಬರುವ ಕಮೆಂಟ್ ಅವಳ ಮುಖದ ಬಗ್ಗೆ, ಬಟ್ಟೆಯ ಬಗ್ಗೆ. ನಂಬರ್ ಕೊಡಿ ಎಂದು ಹೇಳುವ ಧೈರ್ಯ ಅವಳಿಗೆ ಯಾರು ಕೊಡಬೇಕು? ಅವಳು ಬೇರೆ ದಾರಿ ಮಾಡಿಕೊಂಡಿದ್ದಾಳೆ. ಕೆಟ್ಟ ಪದಗಳ ಪಟ್ಟಿಯನ್ನು ಕನ್ನಡದಲ್ಲೂ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲೂ ಟೈಪ್ ಮಾಡಿ ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ಹಾಕಿದ್ದಾಳೆ, ಅಂಥ ಕಮೆಂಟ್ ತಾನಾಗಿಯೇ ಮರೆಯಾಗುತ್ತದೆ. ಕೇಳುಗರ ಲಿಸ್ಟ್ ಬೇರೆ ಸಿಮ್‌ನಲ್ಲಿದೆ, ಆ ಫೋನ್ ಇರುವುದು ಅವಳ ಅಮ್ಮನ ಕೈಯಲ್ಲಿ. ಮೊದಮೊದಲು ಬೈದುಕೊಂಡು ಒಪ್ಪಿದ್ದ ಅಮ್ಮ ಈಗ ಯಾವ ಊರಿನ ಯಾವ ಅಜ್ಜಿಗೆ ಯಾವ ವಚನ ಇಷ್ಟ ಎಂದು ಬಾಯಲ್ಲೇ ಹೇಳುತ್ತಾರಂತೆ.

ನಮ್ಮ ಲಿಸ್ಟ್‌ನಲ್ಲಿ ಈಗ 212 ನಂಬರ್ ಇವೆ. ಮೂವತ್ತೇಳರಿಂದ ಇಲ್ಲಿಗೆ ಬರಲು ಹತ್ತು ತಿಂಗಳು ಬೇಕಾಯಿತು. ನಡುವೆ ಇಪ್ಪತ್ತು ಜನ ಬಿಟ್ಟೂ ಹೋಗಿದ್ದಾರೆ. ಹೊಸದಾಗಿ ಸೇರಿದವರಲ್ಲಿ ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಅಮ್ಮ ಇದ್ದಾರೆ. ಗೆಳೆಯ ಒಂದು ಶುಕ್ರವಾರ ನಿಮ್ಮ ಮನೆಯ ಹಳೆಯ ಹಾಡು ಇದ್ದರೆ ಕಳಿಸಿ ಎಂದು ಕೇಳಿದ್ದಕ್ಕೆ ಅವರು ಒಂದು ಸೋಬಾನೆ ಪದ ಹಾಡಿ ಕಳಿಸಿದರು. ಹಿಂದೆ ಮಿಕ್ಸರ್ ಸದ್ದು, ಮೊಮ್ಮಗನ ಅಳು. ಗೆಳೆಯ ಅದನ್ನು ಎಷ್ಟು ಸಲ ಕೇಳಿದನೋ ಲೆಕ್ಕವಿಲ್ಲ. ಮುಂದಿನ ತಿಂಗಳು ನನ್ನ ಎರಡನೇ ಇಂಟರ್ನಲ್ಸ್ ಮುಗಿದ ಮೇಲೆ ಅದನ್ನು ಇಬ್ಬರ ದನಿಯಲ್ಲೂ ರೆಕಾರ್ಡ್ ಮಾಡುವುದೆಂದಾಗಿದೆ. ನಿಮ್ಮ ಹೆಸರು ಹೇಗೆ ಹಾಕಬೇಕು ಎಂದು ಅವರನ್ನು ಕೇಳಿದೆವು. 'ನನ್ನ ಹೆಸರು ಯಾಕಪ್ಪಾ, ನಮ್ಮತ್ತಿ ಹೆಸರು ಹಾಕು, ಆಕಿ ಕಲಿಸಿದ್ದು' ಎಂದರು.

ಡಿಸ್ಟ್ರಿಬ್ಯೂಟರ್ ಫಾರಂನಲ್ಲಿ ಗಾಯಕರು, ಸಂಗೀತ, ಸಾಹಿತ್ಯ, ನಿರ್ಮಾಪಕರು ಎಂಬ ಕಾಲಂಗಳಿವೆ. ಕಲಿಸಿದವರು ಎಂಬ ಕಾಲಂ ಇಲ್ಲ. ವಿಡಿಯೊದ ಮೊದಲ ಫ್ರೇಮಿನಲ್ಲೇ ಅವರತ್ತೆಯ ಹೆಸರು ಹಾಕುತ್ತೇವೆ.